ಪಿತ್ತಾಮ್ಲವೂ ನರಕೋಶದ ಸಾವೂ: ಕಾಲು ಶತಮಾನದ ಶೋಧ ಎಲ್ಲಿಗೆ ಬಂದಿದೆ?

2024ರ ಮಾರ್ಚ್ 8ರಂದು ಅಮೆರಿಕದ ಅಮಿಲಿಕ್ಸ್ ಎಂಬ ಔಷಧ ಕಂಪನಿ ತನ್ನ ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತ ಹೋಗುವ ಎಎಲ್‌ಎಸ್ ಕಾಯಿಲೆಯ 664 ರೋಗಿಗಳು 48 ವಾರ ಅದರಲ್ಲಿ ಪಾಲ್ಗೊಂಡಿದ್ದರು. ಔಷಧ ಪಡೆದವರಿಗೂ ಹುಸಿ ಔಷಧ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. ಮುಂದಿನ ತಿಂಗಳೇ ಕಂಪನಿ ಅಮೆರಿಕ ಮತ್ತು ಕೆನಡಾದ ಮಾರುಕಟ್ಟೆಯಿಂದ ಆ ಔಷಧವನ್ನು ಹಿಂದಕ್ಕೆ ಪಡೆಯಿತು. ಅದರಲ್ಲಿದ್ದ ಎರಡು ಘಟಕಗಳಲ್ಲಿ ಒಂದು ಪಿತ್ತಾಮ್ಲ.

ಯಕೃತ್ತಿನಲ್ಲಿ ಹುಟ್ಟಿ ಕರುಳಿನಲ್ಲಿ ಕೊಬ್ಬು ಕರಗಿಸುವ ವಸ್ತುವಿಗೂ ಮಿದುಳಿನ ಜೀವಕೋಶಕ್ಕೂ ಏನು ಸಂಬಂಧ ಎಂದು ಓದುಗರಿಗೆ ಅನ್ನಿಸಬಹುದು. ಸಂಬಂಧವಿದೆ ಎಂಬುದಕ್ಕೆ ಇಪ್ಪತ್ತೈದು ವರ್ಷಗಳ ಪುರಾವೆ ಇದೆ. ಇಲಿಗಳಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಪಿತ್ತಾಮ್ಲ ನರಕೋಶದ ಸಾವನ್ನು ಮತ್ತೆ ಮತ್ತೆ ತಡೆದಿದೆ. ಮನುಷ್ಯರಲ್ಲಿ ಮಾತ್ರ ಆ ಭರವಸೆ ಕೈಗೂಡಿಲ್ಲ. ಈ ಅಂತರ ಹೇಗೆ ಉಂಟಾಯಿತು? ನರಕೋಶವನ್ನು ಸಾಯದಂತೆ ಹಿಡಿದಿಡುವುದೂ ಅದರ ಕೆಲಸವನ್ನು ಉಳಿಸುವುದೂ ಒಂದೇ ಎಂದು ಬಹುಕಾಲ ಭಾವಿಸಿದ್ದೇ ಇದರ ಮುಖ್ಯ ಕಾರಣ ಎಂಬುದು ಈ ಸಮೀಕ್ಷೆಯ ನಿಲುವು. ಆದರೆ ಅಲ್ಲಿಗೆ ಬರುವ ಮುನ್ನ ಇಡೀ ದಾರಿಯನ್ನು ನೋಡಬೇಕು.

ಪಿತ್ತರಸದಲ್ಲಿ ಏನಿದೆ

ಯಕೃತ್ತು ಕೊಲೆಸ್ಟರಾಲ್‌ನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಮನುಷ್ಯರಲ್ಲಿ ಮೊದಲು ಹುಟ್ಟುವವು ಎರಡು: ಕೋಲಿಕ್ ಆಮ್ಲ ಮತ್ತು ಕೀನೋಡಿಆಕ್ಸಿಕೋಲಿಕ್ ಆಮ್ಲ. ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಇವನ್ನು ಬದಲಾಯಿಸಿ ಡಿಆಕ್ಸಿಕೋಲಿಕ್, ಲಿಥೋಕೋಲಿಕ್ ಮುಂತಾದ ಎರಡನೇ ಹಂತದ ಆಮ್ಲಗಳನ್ನು ಮಾಡುತ್ತವೆ. ಕರುಳಿಗೆ ಬಂದ ಪಿತ್ತಾಮ್ಲದಲ್ಲಿ ಸುಮಾರು ಶೇ. 95ರಷ್ಟು ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತದೆ.

ಇವೆಲ್ಲ ಒಂದೇ ಸ್ವಭಾವದವಲ್ಲ. ಡಿಆಕ್ಸಿಕೋಲಿಕ್ ಆಮ್ಲ ಕೊಬ್ಬಿನೊಡನೆ ಹೆಚ್ಚು ಬೆರೆಯುವಂಥದ್ದು. ಪ್ರಮಾಣ ಮೀರಿದರೆ ಅದು ಜೀವಕೋಶದ ಪೊರೆಯನ್ನೇ ಕೆಡಿಸಿ ಕೊಲ್ಲಬಲ್ಲದು. ಉರ್ಸೊಡಿಆಕ್ಸಿಕೋಲಿಕ್ ಆಮ್ಲ, ಅಂದರೆ ಯುಡಿಸಿಎ, ನೀರಿನೊಡನೆ ಹೆಚ್ಚು ಹೊಂದುವ ಸೌಮ್ಯ ಆಮ್ಲ. ಮನುಷ್ಯರ ಪಿತ್ತರಸದಲ್ಲಿ ಇದರ ಪಾಲು ಬಹಳ ಕಡಿಮೆ. ಇದಕ್ಕೆ ಟೌರಿನ್ ಎಂಬ ಅಣು ಸೇರಿದರೆ ಟಿಯುಡಿಸಿಎ ಆಗುತ್ತದೆ. ನರಕೋಶ ರಕ್ಷಣೆಯ ಚರ್ಚೆಯೆಲ್ಲ ಹೆಚ್ಚುಕಡಿಮೆ ಈ ಎರಡು ಅಣುಗಳ ಸುತ್ತಲೇ ನಡೆದಿದೆ. ಆದ್ದರಿಂದ ‘ಪಿತ್ತಾಮ್ಲ ನರಗಳಿಗೆ ಒಳ್ಳೆಯದು’ ಎಂದು ಸಾರಾಸಗಟಾಗಿ ಹೇಳಿದರೆ ಅದು ತಪ್ಪಾಗುತ್ತದೆ.

ಕರಡಿಯ ಪಿತ್ತದಿಂದ ಗುಳಿಗೆಯವರೆಗೆ

ಚೀನಾದಲ್ಲಿ ಕ್ರಿ.ಶ. 659ರ ಟಾಂಗ್ ಕಾಲದ ಔಷಧ ಗ್ರಂಥದಲ್ಲೇ ಕರಡಿಯ ಪಿತ್ತದ ಉಲ್ಲೇಖವಿದೆ. ನಮ್ಮ ಆಯುರ್ವೇದದಲ್ಲೂ ದನದ ಪಿತ್ತಕೋಶದಲ್ಲಿ ಸಿಗುವ ಗೋರೋಚನವನ್ನು ಅಪಸ್ಮಾರದಂಥ ಕಾಯಿಲೆಗಳಿಗೆ ಬಳಸಿದ ಪರಂಪರೆ ಇದೆ. ಈ ಪರಂಪರೆಗಳು ಕುತೂಹಲ ಹುಟ್ಟಿಸುತ್ತವೆ, ಆದರೆ ಅವು ಪುರಾವೆಯ ಸ್ಥಾನ ತುಂಬಲಾರವು.

ಆಧುನಿಕ ಕಥೆ ಶುರುವಾಗುವುದು ಇಪ್ಪತ್ತನೇ ಶತಮಾನದಲ್ಲಿ. ಸ್ವೀಡನ್ನಿನ ಹಾಮರ್‌ಸ್ಟೆನ್ ಹಿಮಕರಡಿಯ ಪಿತ್ತದಲ್ಲಿ ಯುಡಿಸಿಎಯ ಸುಳಿವು ಕಂಡರು. 1927ರಲ್ಲಿ ಜಪಾನಿನ ಓಕಯಾಮದಲ್ಲಿ ಶೋಡಾ ಅದನ್ನು ಕರಡಿ ಪಿತ್ತದಿಂದ ಹರಳಾಗಿ ಬೇರ್ಪಡಿಸಿ ಹೆಸರಿಟ್ಟರು. 1950ರ ದಶಕದಲ್ಲಿ ಜಪಾನೀ ರಸಾಯನಜ್ಞರು ಅದನ್ನು ಕೃತಕವಾಗಿ ತಯಾರಿಸುವ ವಿಧಾನ ಕಂಡುಕೊಂಡ ಮೇಲೆ ಕರಡಿಯನ್ನು ಕೊಲ್ಲಬೇಕಾದ ಅಗತ್ಯ ವೈದ್ಯಕೀಯಕ್ಕೆ ಉಳಿಯಲಿಲ್ಲ. ಕೊಲೆಸ್ಟರಾಲ್‌ನಿಂದಾದ ಪಿತ್ತಕಲ್ಲುಗಳನ್ನು ಅದು ಕರಗಿಸುತ್ತದೆ ಎಂಬುದು 1970ರ ದಶಕದಲ್ಲಿ ದೃಢವಾಯಿತು. 1987ರಲ್ಲಿ ಫ್ರಾನ್ಸಿನ ಪೂಪೋನ್ ಮತ್ತವರ ಸಂಗಡಿಗರು ಪಿತ್ತನಾಳಗಳು ನಾಶವಾಗುವ ಒಂದು ಯಕೃತ್ ಕಾಯಿಲೆಯಲ್ಲಿ ಅದು ಉಪಯುಕ್ತ ಎಂದು ತೋರಿಸಿದರು. ಇಂದು ನಮ್ಮ ಊರಿನ ಮೆಡಿಕಲ್ ಅಂಗಡಿಯಲ್ಲೂ ವೈದ್ಯರ ಚೀಟಿಗೆ ಸಿಗುವ ಗುಳಿಗೆ ಇದು. ಗರ್ಭಿಣಿಯರಲ್ಲಿ ಪಿತ್ತರಸ ತಡೆಗಟ್ಟಿ ಮೈ ತುರಿಕೆ ಬಂದಾಗಲೂ ಕೊಡುತ್ತಾರೆ.

ಇಲ್ಲಿಂದ ಒಂದು ಹೊಸ ಪ್ರಶ್ನೆ ಎದ್ದಿತು. ಈ ಆಮ್ಲ ಯಕೃತ್ತನ್ನು ಕಾಪಾಡುವುದು ಬರೀ ಪಿತ್ತರಸವನ್ನು ಸಡಿಲಗೊಳಿಸಿಯೇ, ಅಥವಾ ಜೀವಕೋಶದ ಒಳಗೇ ಏನಾದರೂ ಮಾಡುತ್ತಿದೆಯೇ?

ಜೀವಕೋಶ ತಾನಾಗಿ ಸಾಯುವ ಬಗೆ

ಜೀವಕೋಶಗಳು ಗಾಯದಿಂದ, ವಿಷದಿಂದ ಸಾಯುವುದು ಒಂದು ಬಗೆ. ತಮ್ಮೊಳಗೇ ಬರೆದಿಟ್ಟ ಕ್ರಮದಂತೆ ತಾವೇ ಕಳಚಿಕೊಳ್ಳುವುದು ಇನ್ನೊಂದು. ಈ ಎರಡನೆಯದಕ್ಕೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಸಿ. ಎಲಿಗನ್ಸ್ ಎಂಬ ಪುಟ್ಟ ಹುಳುವಿನ ಬೆಳವಣಿಗೆಯಲ್ಲಿ ಹುಟ್ಟುವ 1090 ಜೀವಕೋಶಗಳಲ್ಲಿ 131 ಹೀಗೆ ಸಾಯುತ್ತವೆ, ಅವುಗಳಲ್ಲಿ ಬಹುಪಾಲು ನರಕೋಶಗಳು. ಈ ಶೋಧಗಳಿಗೆ 2002ರಲ್ಲಿ ಬ್ರೆನರ್, ಹಾರ್ವಿಟ್ಜ್ ಮತ್ತು ಸಲ್ಸ್‌ಟನ್ ಅವರಿಗೆ ನೊಬೆಲ್ ಬಂತು. ಕಶೇರುಕಗಳ ಭ್ರೂಣದಲ್ಲೂ ಸ್ನಾಯುಗಳಿಗೆ ಹೋಗಬೇಕಾದ ನರಕೋಶಗಳಲ್ಲಿ ಸುಮಾರು ಅರ್ಧ ಈ ರೀತಿಯೇ ಇಲ್ಲವಾಗುತ್ತವೆ. ಯೋಜಿತ ಸಾವು ಬೆಳವಣಿಗೆಯ ಸಹಜ ಭಾಗ. ತಪ್ಪಾದ ವಯಸ್ಸಿನಲ್ಲಿ, ತಪ್ಪಾದ ಜಾಗದಲ್ಲಿ ಅದು ಶುರುವಾದರೆ ಕಾಯಿಲೆ.

ಈ ಕ್ರಮದ ನಡುವೆ ಮೈಟೊಕಾಂಡ್ರಿಯ ಇದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಇದೇ ಅಂಗ ಸಾವಿನ ಆಜ್ಞೆಯನ್ನೂ ಹೊರಡಿಸುತ್ತದೆ. ಬ್ಯಾಕ್ಸ್ ಎಂಬ ಪ್ರೋಟೀನ್ ಅದರ ಹೊರಪೊರೆಗೆ ಬಂದು ಕೂತು ರಂಧ್ರ ಮಾಡುತ್ತದೆ. ಸೈಟೋಕ್ರೋಮ್ ಸಿ ಹೊರಗೆ ಸೋರುತ್ತದೆ. ಅದು ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಎಬ್ಬಿಸುತ್ತದೆ, ಅವು ಜೀವಕೋಶವನ್ನು ಒಳಗಿನಿಂದ ಕತ್ತರಿಸುತ್ತವೆ. ಸೈಟೋಕ್ರೋಮ್ ಸಿಯ ಈ ಪಾತ್ರ ಗೊತ್ತಾದದ್ದು 1996ರಲ್ಲಿ. ಪಿತ್ತಾಮ್ಲದ ಹೊಸ ಅಧ್ಯಾಯ ತೆರೆದದ್ದು ಅದರ ಬೆನ್ನಲ್ಲೇ.

ಮೊದಲ ವಾದ: ಮೈಟೊಕಾಂಡ್ರಿಯದ ಕಾವಲು

1998ರಲ್ಲಿ ಮಿನೆಸೊಟಾ ವಿಶ್ವವಿದ್ಯಾಲಯದ ಸಿಸಿಲಿಯಾ ರಾಡ್ರಿಗಸ್, ಕ್ಲಿಫರ್ಡ್ ಸ್ಟೀರ್ ಮತ್ತವರ ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಯುಡಿಸಿಎ ಕೊಟ್ಟರೆ ಮೈಟೊಕಾಂಡ್ರಿಯದ ಪೊರೆ ಕೆಡುವುದು ಕಡಿಮೆಯಾಗುತ್ತದೆ, ಜೀವಕೋಶ ಸಾಯುವುದು ತಪ್ಪುತ್ತದೆ ಎಂದು ಅದು ತೋರಿಸಿತು. ಯಕೃತ್ತಿನದಲ್ಲದ ಜೀವಕೋಶಗಳಲ್ಲೂ ಹೀಗೇ ಆಯಿತು ಎಂಬುದು ಅದರ ಬಹುಮುಖ್ಯ ಅಂಶ. ಹಾಗಿದ್ದರೆ ಇದು ಪಿತ್ತದ ಹರಿವಿಗೆ ಸಂಬಂಧಪಟ್ಟ ಗುಣವಲ್ಲ, ಜೀವಕೋಶದ ಸಾವಿನ ಮೂಲಕ್ಕೇ ಕೈಹಾಕುವ ಗುಣ. ನರಕೋಶಗಳಿಗೂ ಇದು ಅನ್ವಯಿಸಬೇಕಲ್ಲವೇ?

ಅದೇ ತಂಡ ಮತ್ತು ಲಿಸ್ಬನ್ನಿನ ಸಹೋದ್ಯೋಗಿಗಳು ಒಂದಾದ ಮೇಲೊಂದು ಪ್ರಯೋಗ ಮಾಡಿದರು. 2002ರಲ್ಲಿ ಕೀನ್ ಮತ್ತವರ ಸಂಗಡಿಗರು ಹಂಟಿಂಗ್‌ಟನ್ ಕಾಯಿಲೆಯ ಜೀನ್ ಸೇರಿಸಿದ ಇಲಿಗಳಿಗೆ ಟಿಯುಡಿಸಿಎ ಕೊಟ್ಟಾಗ ಮಿದುಳು ಕುಗ್ಗುವುದು ಕಡಿಮೆಯಾಯಿತು, ಇಲಿಗಳ ನಡೆದಾಟ ಸುಧಾರಿಸಿತು. ಮಿದುಳಿನಲ್ಲಿ ರಕ್ತಸ್ರಾವ ಉಂಟುಮಾಡಿದ ಇಲಿಗಳಲ್ಲಿ ಗಾಯದ ಗಾತ್ರ ಸುಮಾರು ಅರ್ಧಕ್ಕೆ ಇಳಿಯಿತು ಎಂದು 2003ರ ವರದಿ ಹೇಳಿತು. ನವಜಾತ ಶಿಶುಗಳ ಕಾಮಾಲೆಯಲ್ಲಿ ಮಿದುಳಿಗೆ ಹಾನಿ ಮಾಡುವ ಬಿಲಿರುಬಿನ್‌ನಿಂದ ನರಕೋಶಗಳನ್ನು ತಟ್ಟೆಯಲ್ಲಿ ಕಾಪಾಡಿದ್ದೂ ಇದೇ ಆಮ್ಲ. 2006ರಲ್ಲಿ ಎಮರಿ ವಿಶ್ವವಿದ್ಯಾಲಯದ ಬೋಟ್‌ರೈಟ್ ತಂಡ ಕಣ್ಣಿನ ಅಕ್ಷಿಪಟಲ ಕ್ಷಯಿಸುವ ಇಲಿಗಳಲ್ಲಿ ಬೆಳಕು ಗ್ರಹಿಸುವ ಜೀವಕೋಶಗಳು ಉಳಿದುದನ್ನು ಕಂಡಿತು.

ಬೇರೆ ಬೇರೆ ಕಾರಣಗಳಿಂದ ಸಾಯುವ ನರಕೋಶಗಳೆಲ್ಲ ಒಂದೇ ಔಷಧಕ್ಕೆ ಏಕೆ ಸ್ಪಂದಿಸಿದವು ಎಂಬುದನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಕಾರಣ ಯಾವುದಾದರೂ ದಾರಿ ಕೊನೆಗೆ ಮೈಟೊಕಾಂಡ್ರಿಯದ ಮೂಲಕವೇ ಹಾಯುತ್ತದೆ, ಪಿತ್ತಾಮ್ಲ ಅಲ್ಲಿ ಬ್ಯಾಕ್ಸ್‌ನ ಬರವನ್ನು ತಡೆಯುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಲಿವರ್ ಬ್ಯಾಂಡ್‌ಮನ್ ತಂಡ ಈ ವಾದಕ್ಕೆ ಇನ್ನೊಂದು ಮುಖ ಕೊಟ್ಟಿತು. ಪಾರ್ಕಿನ್ಸನ್ ರೋಗಿಗಳ ಚರ್ಮದ ಜೀವಕೋಶಗಳಲ್ಲಿ ಸೊರಗಿದ್ದ ಮೈಟೊಕಾಂಡ್ರಿಯದ ಕೆಲಸವನ್ನು ಯುಡಿಸಿಎ ಸುಧಾರಿಸಿತು. ಇಲ್ಲಿ ಸಾವನ್ನು ತಡೆಯುವುದಕ್ಕಿಂತ ಶಕ್ತಿ ತಯಾರಿಕೆಯನ್ನು ಸರಿಪಡಿಸುವುದು ಮುಖ್ಯವಾಯಿತು.

ಎರಡನೆಯ ವಾದ: ಪ್ರೋಟೀನ್ ಮಡಿಕೆಯ ನೆರವು

2006ರಲ್ಲಿ ಹಾರ್ವರ್ಡ್‌ನ ಹೊತಮಿಸ್ಲಿಗಿಲ್ ತಂಡ ಬೇರೆಯದೇ ಮೂಲೆಯಿಂದ ಟಿಯುಡಿಸಿಎಯನ್ನು ಮುಂದಕ್ಕೆ ತಂದಿತು. ಅವರ ಆಸಕ್ತಿ ಮಧುಮೇಹ. ಜೀವಕೋಶದೊಳಗೆ ಪ್ರೋಟೀನ್‌ಗಳು ತಯಾರಾಗಿ ಸರಿಯಾದ ಆಕಾರಕ್ಕೆ ಮಡಿಯುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲವಿದೆ. ಹೊರೆ ಹೆಚ್ಚಾಗಿ ಪ್ರೋಟೀನ್‌ಗಳು ತಪ್ಪಾಗಿ ಮಡಿದರೆ ಆ ಜಾಲ ಒತ್ತಡಕ್ಕೆ ಸಿಲುಕುತ್ತದೆ. ಒತ್ತಡ ಬಹುಕಾಲ ಇಳಿಯದಿದ್ದರೆ ಜೀವಕೋಶ ಸಾವಿನ ದಾರಿ ಹಿಡಿಯುತ್ತದೆ. ಬೊಜ್ಜಿನ ಇಲಿಗಳಲ್ಲಿ ಟಿಯುಡಿಸಿಎ ಈ ಒತ್ತಡ ಇಳಿಸಿ ರಕ್ತದ ಸಕ್ಕರೆಯನ್ನು ಹತೋಟಿಗೆ ತಂದಿತು. ಫೆನಿಲ್‌ಬ್ಯುಟಿರೇಟ್ ಎಂಬ ಇನ್ನೊಂದು ಅಣುವೂ ಅದೇ ಕೆಲಸ ಮಾಡಿತು.

ನರರೋಗಗಳ ಸಂಶೋಧಕರಿಗೆ ಇದು ಬಹಳ ಅರ್ಥಪೂರ್ಣವಾಗಿ ಕಂಡಿತು. ಅಲ್ಝೈಮರ್, ಪಾರ್ಕಿನ್ಸನ್, ಹಂಟಿಂಗ್‌ಟನ್, ಎಎಲ್‌ಎಸ್ ಎಲ್ಲದರಲ್ಲೂ ತಪ್ಪಾಗಿ ಮಡಿದ ಪ್ರೋಟೀನ್‌ಗಳು ಗಂಟುಕಟ್ಟುತ್ತವೆ. ಮೊದಲ ವಾದ ಸಾವಿನ ಕೊನೆಯ ಹಂತವನ್ನು ಹಿಡಿದರೆ ಇದು ಅದಕ್ಕೂ ಹಿಂದಿನ ಹಂತವನ್ನು ಹಿಡಿಯುತ್ತದೆ. ಹಂಟಿಂಗ್‌ಟನ್ ಇಲಿಗಳಲ್ಲಿ ಪ್ರೋಟೀನ್ ಗಂಟುಗಳೇ ಕಡಿಮೆಯಾದದ್ದು ಏಕೆ ಎಂಬುದಕ್ಕೂ ಇದರಲ್ಲಿ ಉತ್ತರ ಸಿಗುತ್ತದೆ. ಆದರೆ ಪಿತ್ತಾಮ್ಲ ಯಾವ ಪ್ರೋಟೀನಿಗೆ ಎಲ್ಲಿ ಅಂಟಿಕೊಂಡು ಈ ನೆರವು ನೀಡುತ್ತದೆ ಎಂಬ ಪ್ರಶ್ನೆಗೆ ಈ ವಾದದ ಉತ್ತರ ಇನ್ನೂ ಮಸುಕು.

ಮೂರನೆಯ ವಾದ: ಗ್ರಾಹಕ ಮತ್ತು ಉರಿಯೂತ

ಪಿತ್ತಾಮ್ಲಗಳು ಹಾರ್ಮೋನಿನಂತೆ ಸಂದೇಶವನ್ನೂ ಒಯ್ಯುತ್ತವೆ ಎಂಬ ಅರಿವು ಮೂಡಿದ್ದು ಇಪ್ಪತ್ತನೇ ಶತಮಾನದ ಕೊನೆಯಲ್ಲಿ. 1999ರಲ್ಲಿ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕ ಪಿತ್ತಾಮ್ಲಕ್ಕೆ ಸ್ಪಂದಿಸುವುದು ಗೊತ್ತಾಯಿತು. 2002–03ರಲ್ಲಿ ಜಪಾನಿನ ಸಂಶೋಧಕರು ಜೀವಕೋಶದ ಮೇಲ್ಮೈಯಲ್ಲಿರುವ ಟಿಜಿಆರ್5 ಎಂಬ ಇನ್ನೊಂದನ್ನು ಗುರುತಿಸಿದರು. ಇದು ಮಿದುಳಿನಲ್ಲೂ ಇದೆ.

ಈ ವಾದದ ಪ್ರಕಾರ ಪಿತ್ತಾಮ್ಲ ಮುಖ್ಯವಾಗಿ ಮಾತಾಡುವುದು ನರಕೋಶದೊಡನೆ ಅಲ್ಲ, ಅದರ ನೆರೆಯ ಮೈಕ್ರೋಗ್ಲಿಯಾ ಎಂಬ ರಕ್ಷಕ ಜೀವಕೋಶಗಳೊಡನೆ. ಅವು ಕೆರಳಿದರೆ ಉರಿಯೂತ ಹುಟ್ಟಿ ನರಕೋಶಗಳು ಬಲಿಯಾಗುತ್ತವೆ. ಟಿಯುಡಿಸಿಎ ಟಿಜಿಆರ್5 ಮೂಲಕ ಅವನ್ನು ಶಾಂತಗೊಳಿಸುತ್ತದೆ ಎಂದು 2017ರ ಒಂದು ಅಧ್ಯಯನ ತೋರಿಸಿತು. 2020ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಪವನ್ ಭಾರ್ಗವ ಮತ್ತವರ ಸಂಗಡಿಗರು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ರಕ್ತದಲ್ಲಿ ಪಿತ್ತಾಮ್ಲದ ಉತ್ಪನ್ನಗಳು ಕಡಿಮೆ ಇರುವುದನ್ನು ಕಂಡರು. ಆ ರೋಗದ ಮಾದರಿಯಾದ ಇಲಿಗಳಲ್ಲಿ ಟಿಯುಡಿಸಿಎ ಉರಿಯೂತವನ್ನು ತಗ್ಗಿಸಿತು. ಅಣು ಹೋಗಿ ಕೂರುವ ಜಾಗವನ್ನು ಬೆರಳಿಟ್ಟು ತೋರಿಸಬಲ್ಲದು ಎಂಬುದು ಈ ವಾದದ ಬಲ. ನರಕೋಶಗಳನ್ನಷ್ಟೇ ಬೆಳೆಸಿದ ತಟ್ಟೆಯಲ್ಲಿ ಮೈಕ್ರೋಗ್ಲಿಯಾ ಇಲ್ಲದೆಯೂ ರಕ್ಷಣೆ ಸಿಗುವುದೇಕೆ ಎಂಬುದಕ್ಕೆ ಮಾತ್ರ ಇದರ ಬಳಿ ಪೂರ್ಣ ಉತ್ತರವಿಲ್ಲ.

ನಾಲ್ಕನೆಯ ವಾದ: ದೂರದಿಂದ ಆಗುವ ಪ್ರಭಾವ

ಮಿದುಳಿನೊಳಗೆ ಪಿತ್ತಾಮ್ಲ ಏನು ಮಾಡುತ್ತದೆ ಎಂದು ಕೇಳುವ ಮೊದಲು ಯಕೃತ್ತು ಮತ್ತು ಕರುಳಿನಲ್ಲಿ ಏನಾಗುತ್ತಿದೆ ನೋಡಿ ಎನ್ನುತ್ತದೆ ನಾಲ್ಕನೆಯ ವಾದ. ಇದಕ್ಕೆ ಅತ್ಯಂತ ಗಟ್ಟಿಯಾದ ಉದಾಹರಣೆ ಸೆರೆಬ್ರೊಟೆಂಡಿನಸ್ ಝಾಂಥೊಮಟೋಸಿಸ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ. ಇದರಲ್ಲಿ ಪಿತ್ತಾಮ್ಲ ತಯಾರಿಸುವ ಒಂದು ಕಿಣ್ವವೇ ಕೆಟ್ಟಿರುತ್ತದೆ. ಕೊಲೆಸ್ಟನಾಲ್ ಎಂಬ ಕೊಬ್ಬು ಮಿದುಳಿನಲ್ಲೂ ಸ್ನಾಯುರಜ್ಜುಗಳಲ್ಲೂ ಶೇಖರವಾಗಿ ನಡಿಗೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ಕೀನೋಡಿಆಕ್ಸಿಕೋಲಿಕ್ ಆಮ್ಲ ಕೊಟ್ಟರೆ ಯಕೃತ್ತಿನ ತಪ್ಪು ತಯಾರಿಕೆ ನಿಲ್ಲುತ್ತದೆ, ಕೊಲೆಸ್ಟನಾಲ್ ಇಳಿಯುತ್ತದೆ. ಬೇಗ ಶುರುಮಾಡಿದರೆ ನರವ್ಯೂಹದ ಹಾನಿಯನ್ನು ತಡೆಯಬಹುದು ಎಂಬುದು 1984ರಿಂದ ಗೊತ್ತಿದೆ. ಪಿತ್ತಾಮ್ಲವೊಂದು ಮನುಷ್ಯರ ನರರೋಗವನ್ನು ಖಚಿತವಾಗಿ ತಡೆದ ಉದಾಹರಣೆ ಇದು. ವಿಶೇಷವೆಂದರೆ ಇದು ಯುಡಿಸಿಎಯಂಥ ಸೌಮ್ಯ ಆಮ್ಲವಲ್ಲ, ಹೆಚ್ಚಾದರೆ ಜೀವಕೋಶಕ್ಕೆ ವಿಷವಾಗಬಲ್ಲ ಗುಂಪಿಗೆ ಸೇರಿದ್ದು. ಅದು ನರಕೋಶದ ಸಾವಿನ ಯಂತ್ರವನ್ನು ಮುಟ್ಟುವುದೇ ಇಲ್ಲ, ವಿಷ ಹುಟ್ಟುವ ಜಾಗವನ್ನು ಮುಚ್ಚುತ್ತದೆ.

2019ರಲ್ಲಿ 1464 ಜನರ ರಕ್ತವನ್ನು ಪರೀಕ್ಷಿಸಿದ ಅಧ್ಯಯನವೊಂದು ಅಲ್ಝೈಮರ್ ಇದ್ದವರಲ್ಲಿ ಕೋಲಿಕ್ ಆಮ್ಲ ಕಡಿಮೆ, ಬ್ಯಾಕ್ಟೀರಿಯಾ ತಯಾರಿಸುವ ಡಿಆಕ್ಸಿಕೋಲಿಕ್ ಆಮ್ಲ ಹೆಚ್ಚು ಎಂದು ವರದಿ ಮಾಡಿತು. ಕರುಳಿನ ಜೀವಾಣುಗಳ ಬದಲಾವಣೆ ಮಿದುಳಿಗೆ ಕೆಡುಕು ಮಾಡುತ್ತಿರಬಹುದು. ಕಾಯಿಲೆಯೇ ಊಟ, ಔಷಧ, ಕರುಳಿನ ಚಲನೆಯನ್ನು ಬದಲಿಸಿ ಈ ವ್ಯತ್ಯಾಸ ತಂದಿರಲೂಬಹುದು. ರಕ್ತದ ಅಳತೆಯಿಂದ ಮಾತ್ರ ಇವೆರಡನ್ನು ಬೇರ್ಪಡಿಸಲಾಗದು.

ಮನುಷ್ಯರಲ್ಲಿ ನಡೆದ ಪರೀಕ್ಷೆ

2010ರಲ್ಲಿ ಎಎಲ್‌ಎಸ್ ರೋಗಿಗಳ ಮೇಲಿನ ಒಂದು ಸಣ್ಣ ಅಧ್ಯಯನ ನುಂಗಿದ ಯುಡಿಸಿಎ ಬೆನ್ನುಹುರಿಯ ದ್ರವವನ್ನು ತಲುಪುತ್ತದೆ ಎಂದು ತೋರಿಸಿತು. 2016ರಲ್ಲಿ ಇಟಲಿಯ ವೈದ್ಯರು 34 ಎಎಲ್‌ಎಸ್ ರೋಗಿಗಳಲ್ಲಿ ಟಿಯುಡಿಸಿಎ ಪರೀಕ್ಷಿಸಿದರು. ದಿನಕ್ಕೆ ಎರಡು ಗ್ರಾಂನಂತೆ 54 ವಾರ ಪಡೆದವರಲ್ಲಿ ಶೇ. 87 ಜನರಲ್ಲಿ ಕುಸಿತ ನಿಧಾನವಾಯಿತು, ಹುಸಿ ಔಷಧದವರಲ್ಲಿ ಶೇ. 43.

ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜೋಶ್ ಕೋಹೆನ್ ಮತ್ತು ಜಸ್ಟಿನ್ ಕ್ಲೀ ಮೊದಲ ಎರಡು ವಾದಗಳನ್ನು ಜೋಡಿಸಿದರು. ಮೈಟೊಕಾಂಡ್ರಿಯಕ್ಕೆ ಟಿಯುಡಿಸಿಎ, ಪ್ರೋಟೀನ್ ಒತ್ತಡಕ್ಕೆ ಫೆನಿಲ್‌ಬ್ಯುಟಿರೇಟ್. ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ 2014ರ ಅಭಿಯಾನದಲ್ಲಿ ಜನ ಕೊಟ್ಟ ಹಣದ ಒಂದು ಪಾಲೂ ಈ ಸಂಶೋಧನೆಗೆ ಬಂತು. 137 ರೋಗಿಗಳ ಪ್ರಯೋಗದ ಫಲ 2020ರಲ್ಲಿ ಪ್ರಕಟವಾಯಿತು. 48 ಅಂಕಗಳ ಅಳತೆಯಲ್ಲಿ ತಿಂಗಳಿಗೆ ಔಷಧ ಪಡೆದವರು 1.24 ಅಂಕ, ಪಡೆಯದವರು 1.66 ಅಂಕ ಕಳೆದುಕೊಂಡರು. ವ್ಯತ್ಯಾಸ ಸಣ್ಣದು, ಆದರೆ ಬೇರೆ ದಾರಿಯಿಲ್ಲದ ರೋಗಿಗಳಿಗೆ ದೊಡ್ಡದು. ಅಮೆರಿಕದ ಔಷಧ ಆಡಳಿತದ ಸಲಹಾ ಸಮಿತಿ 2022ರ ಮಾರ್ಚ್‌ನಲ್ಲಿ 6–4 ಮತಗಳಿಂದ ಪುರಾವೆ ಸಾಲದು ಎಂದಿತು, ಸೆಪ್ಟೆಂಬರ್‌ನಲ್ಲಿ 7–2 ಮತಗಳಿಂದ ಒಪ್ಪಿತು. ಅದೇ ತಿಂಗಳು ಅನುಮತಿ ಸಿಕ್ಕಿತು. ಮುಂದಿನದು ಲೇಖನದ ಮೊದಲಲ್ಲಿ ಹೇಳಿದ ಸೋಲು. ಯೂರೋಪಿನಲ್ಲಿ 300ಕ್ಕೂ ಹೆಚ್ಚು ರೋಗಿಗಳಿಗೆ ಟಿಯುಡಿಸಿಎಯನ್ನಷ್ಟೇ ಕೊಟ್ಟು ನೋಡಿದ ಪ್ರಯೋಗವೂ ಫಲ ಕೊಡಲಿಲ್ಲ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಚಿತ್ರ ಸ್ವಲ್ಪ ಬೇರೆ. 2023ರಲ್ಲಿ ಶೆಫೀಲ್ಡ್ ತಂಡ 31 ರೋಗಿಗಳ ಪ್ರಯೋಗದಲ್ಲಿ ಯುಡಿಸಿಎ ಸುರಕ್ಷಿತ, ಮಿದುಳಿನ ಶಕ್ತಿ ಚಯಾಪಚಯದಲ್ಲಿ ಸುಧಾರಣೆಯ ಲಕ್ಷಣವಿದೆ ಎಂದು ವರದಿ ಮಾಡಿತು. ರೋಗ ನಿಧಾನವಾಗುತ್ತದೆಯೇ ಎಂದು ತೀರ್ಮಾನಿಸಲು ಈ ಸಂಖ್ಯೆ ಸಾಲದು. 34 ಮತ್ತು 137 ಜನರ ಫಲ 664 ಜನರಲ್ಲಿ ನಿಲ್ಲಲಿಲ್ಲ ಎಂಬ ಪಾಠವನ್ನು ಇಲ್ಲೂ ನೆನಪಿಡಬೇಕು.

ಸೋಲನ್ನು ಓದುವ ಮೂರು ಬಗೆ

ಔಷಧ ತಡವಾಗಿ ಬಂತು ಎನ್ನುವುದು ಮೊದಲ ಓದು. ಲಕ್ಷಣ ಕಾಣುವ ಹೊತ್ತಿಗೆ ಬಹಳಷ್ಟು ನರಕೋಶಗಳು ಹೋಗಿರುತ್ತವೆ. ಇಲಿಗಳಿಗೆ ಹಲವು ಪ್ರಯೋಗಗಳಲ್ಲಿ ಕಾಯಿಲೆ ಬಲಿಯುವ ಮೊದಲೇ ಔಷಧ ಸಿಕ್ಕಿತ್ತು.

ಇಲಿ ಮತ್ತು ಮನುಷ್ಯರ ಪಿತ್ತವೇ ಬೇರೆ ಎನ್ನುವುದು ಎರಡನೆಯದು. ಇಲಿಯ ಯಕೃತ್ತು ಪಿತ್ತಾಮ್ಲಗಳಿಗೆ ಮುಖ್ಯವಾಗಿ ಟೌರಿನ್ ಜೋಡಿಸುತ್ತದೆ, ಮನುಷ್ಯರದು ಹೆಚ್ಚಾಗಿ ಗ್ಲೈಸಿನ್ ಜೋಡಿಸುತ್ತದೆ. ನಾವು ನುಂಗಿದ ಟಿಯುಡಿಸಿಎಯಲ್ಲಿ ಒಂದು ಪಾಲನ್ನು ಕರುಳಿನ ಬ್ಯಾಕ್ಟೀರಿಯಾಗಳು ಬಿಡಿಸುತ್ತವೆ, ಯಕೃತ್ತು ಅದಕ್ಕೆ ಗ್ಲೈಸಿನ್ ಕಟ್ಟಿ ಕಳಿಸುತ್ತದೆ. ಇಲಿಯ ಮಿದುಳು ಕಂಡ ಅಣುವನ್ನೇ ಅದೇ ಪ್ರಮಾಣದಲ್ಲಿ ರೋಗಿಯ ಮಿದುಳು ಕಂಡಿದೆ ಎನ್ನಲಾಗದು.

ಮೂರನೆಯದು ಹೆಚ್ಚು ಆಳವಾದದ್ದು. 2006ರಲ್ಲಿ ಗೌಲ್ಡ್ ಮತ್ತವರ ಸಂಗಡಿಗರು ಎಎಲ್‌ಎಸ್ ಮಾದರಿಯ ಇಲಿಗಳಲ್ಲಿ ಬ್ಯಾಕ್ಸ್ ಜೀನನ್ನೇ ತೆಗೆದುಹಾಕಿದರು. ಯೋಜಿತ ಸಾವಿನ ದಾರಿ ಪೂರ್ತಿ ಮುಚ್ಚಿತು. ಚಾಲಕ ನರಕೋಶಗಳು ಸಾಯಲಿಲ್ಲ. ಆದರೂ ಅವುಗಳ ತುದಿಗಳು ಸ್ನಾಯುಗಳಿಂದ ಕಳಚಿಕೊಂಡವು, ಇಲಿಗಳ ಕೈಕಾಲು ಸೋತವು. ತಂತಿ ಕಡಿದ ಮೇಲೆ ಟ್ರಾನ್ಸ್‌ಫಾರ್ಮರ್ ಗಟ್ಟಿಯಾಗಿದ್ದರೂ ಮನೆಯಲ್ಲಿ ದೀಪ ಹತ್ತುವುದಿಲ್ಲ. ನರತಂತು ನಾಶವಾಗುವುದಕ್ಕೆ ತನ್ನದೇ ಆದ ಕ್ರಮವಿದೆ, ಸಾರ್ಮ್1 ಎಂಬ ಪ್ರೋಟೀನ್ ಅದನ್ನು ನಡೆಸುತ್ತದೆ ಎಂದು 2012ರಲ್ಲಿ ತಿಳಿಯಿತು. ಬ್ಯಾಕ್ಸನ್ನು ಪೂರ್ತಿ ಇಲ್ಲವಾಗಿಸಿಯೂ ಸಿಗದ ಲಾಭ ಅದನ್ನು ಅಷ್ಟಿಷ್ಟು ತಡೆಯುವ ಆಮ್ಲದಿಂದ ಸಿಗುತ್ತದೆ ಎಂದು ನಿರೀಕ್ಷಿಸುವುದು ಕಷ್ಟ. ಈ ಮೂರನೆಯ ಓದೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಪಾರ್ಶ್ವವಾಯುವಿನಲ್ಲಿ ಸಾವು ಗಂಟೆಗಳಲ್ಲಿ ಆಗುತ್ತದೆ, ಅಲ್ಲಿ ಕೊನೆಯ ಹಂತವನ್ನು ತಡೆದರೂ ಉಪಯೋಗ. ವರ್ಷಗಟ್ಟಲೆ ನಡೆಯುವ ಕ್ಷಯದಲ್ಲಿ ಸಾವು ಕಡೆಯ ಘಟನೆ, ಕೆಲಸ ಅದಕ್ಕೂ ಮೊದಲೇ ನಿಂತಿರುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದಾಗಿ, ನಾಲ್ಕು ವಾದಗಳಲ್ಲಿ ಯಾವುದು ಮೂಲ, ಯಾವುದು ಪರಿಣಾಮ ಎಂಬುದು ಬಗೆಹರಿದಿಲ್ಲ. ಟಿಜಿಆರ್5 ಇಲ್ಲದ ಪ್ರಾಣಿಗಳಲ್ಲಿ ಪ್ರತಿಯೊಂದು ರೋಗ ಮಾದರಿಯನ್ನೂ ಮತ್ತೆ ಪರೀಕ್ಷಿಸಿದರೆ ಇದು ಸ್ವಲ್ಪ ಸ್ಪಷ್ಟವಾಗಬಹುದು.

ಎರಡನೆಯದಾಗಿ, ಸರಿಯಾದ ಕಾಯಿಲೆ ಯಾವುದು? ಎಎಲ್‌ಎಸ್ ಎಂಬ ಒಂದೇ ಹೆಸರಿನಡಿ ಹಲವು ಕಾಯಿಲೆಗಳಿರಬಹುದು. ಚಿಕ್ಕ ವಯಸ್ಸಿನಲ್ಲಿ ಶುರುವಾಗಿ, ಕಿವುಡುತನದೊಂದಿಗೆ ನಿಧಾನವಾಗಿ ಸಾಗುವ ‘ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ’ ದಕ್ಷಿಣ ಭಾರತದಲ್ಲೇ ಹೆಚ್ಚು ಕಾಣುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅಂಥ ರೋಗಿಗಳನ್ನು ದಾಖಲಿಸಿದ್ದಾರೆ. ಎಲ್ಲರನ್ನೂ ಒಟ್ಟಿಗೆ ಸೇರಿಸಿ ತೆಗೆದ ಸರಾಸರಿಯಲ್ಲಿ ಒಂದು ಗುಂಪಿಗೆ ಆದ ಲಾಭ ಮರೆಯಾಗಬಹುದು. ಪ್ರೋಟೀನ್ ಒತ್ತಡವೇ ಮೂಲವಾಗಿರುವ ವುಲ್ಫ್ರಮ್ ಸಿಂಡ್ರೋಮ್‌ನಲ್ಲಿ ಅದೇ ಜೋಡಿ ಔಷಧವನ್ನು ಪರೀಕ್ಷಿಸಲು ಹೊರಟದ್ದು ಈ ಯೋಚನೆಯಿಂದಲೇ.

ಮೂರನೆಯದು ಪ್ರಮಾಣ. ಪಿತ್ತನಾಳದ ಒಂದು ಕಾಯಿಲೆಯಲ್ಲಿ ದೇಹತೂಕದ ಕಿಲೋಗೆ 28–30 ಮಿಲಿಗ್ರಾಂನಂತೆ ಯುಡಿಸಿಎ ಕೊಟ್ಟ ಪ್ರಯೋಗವನ್ನು ಗಂಭೀರ ತೊಂದರೆಗಳು ಹೆಚ್ಚಾದ ಕಾರಣ ನಿಲ್ಲಿಸಬೇಕಾಯಿತು ಎಂದು 2009ರಲ್ಲಿ ವರದಿಯಾಯಿತು. ಪಾರ್ಕಿನ್ಸನ್ ಪ್ರಯೋಗದಲ್ಲಿ 30 ಮಿಲಿಗ್ರಾಂ ಸುರಕ್ಷಿತವೆನಿಸಿತು. ಯಾರಿಗೆ ಎಷ್ಟು, ಎಷ್ಟು ಕಾಲ ಎಂಬುದು ತೆರೆದೇ ಇದೆ. ಆನ್‌ಲೈನಿನಲ್ಲಿ ಪೂರಕ ಆಹಾರವೆಂದು ಮಾರಾಟವಾಗುವ ಟಿಯುಡಿಸಿಎಯನ್ನು ಮನೆಯವರ ಮೇಲಿನ ಪ್ರೀತಿಯಿಂದ ತರಿಸಿಕೊಡುವವರು ಮೊದಲು ನರರೋಗ ತಜ್ಞರನ್ನು ಕೇಳಲೇಬೇಕು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಮುಂದಿನ ಪ್ರಯೋಗಗಳು ಏನನ್ನು ಅಳೆಯಬೇಕು? ಉಳಿದ ನರಕೋಶಗಳ ಸಂಖ್ಯೆಯನ್ನೇ, ಅಥವಾ ಅವು ಸ್ನಾಯುವನ್ನು, ನೆನಪನ್ನು, ದೃಷ್ಟಿಯನ್ನು ಇನ್ನೂ ಹಿಡಿದಿವೆಯೇ ಎಂಬುದನ್ನೇ? ಪಿತ್ತಾಮ್ಲ ನರಕೋಶದ ಸಾವನ್ನು ತಡೆಯಬಲ್ಲದು ಎಂಬುದು ಇಲಿಗಳಲ್ಲೂ ತಟ್ಟೆಯಲ್ಲೂ ಸಾಬೀತಾಗಿದೆ. ನರತಂತುವನ್ನೂ ಅದರ ತುದಿಯ ಸಂಪರ್ಕವನ್ನೂ ಅದು ಕಾಪಾಡಬಲ್ಲದೇ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸುವ ಕೆಲಸ ಬಾಕಿಯಿದೆ. ಆ ಉತ್ತರ ಸಿಗುವವರೆಗೆ ಈ ಅಣುವನ್ನು ಮದ್ದೆಂದು ಹೊಗಳುವುದೂ ನಿರುಪಯುಕ್ತವೆಂದು ತಳ್ಳಿಹಾಕುವುದೂ ಸಮನಾಗಿ ಅವಸರದ ತೀರ್ಪುಗಳು.